ಐದು ಬಾಗಿಲು, ಒಂದು ಕಿಟಕಿ, ಎರಡು ಎಂಬಿ

ರೈಟರ್ ಬೆಳ್ಳಿಯಪ್ಪನವರು ಕಂಪ್ಯೂಟರಿನ ಪರದೆಗೆ ಭೂತಗನ್ನಡಿ ಹಿಡಿದು ನೋಡುವವರು. ಹಿಡಿ ಮುರಿದು ತಂತಿ ಸುತ್ತಿದ್ದ, ಅಂಗೈ ಅಗಲದ ಗಾಜು. ಪರದೆಯ ಮೇಲಿರುವುದನ್ನು ದೊಡ್ಡದು ಮಾಡಲು ಅದರೊಳಗೇ ದಾರಿ ಇದೆ ಎಂಬುದು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಗೊತ್ತು. ಅವರಿಗೆ ಗೊತ್ತಿರಲಿಲ್ಲವೇ? ದಿನವಿಡೀ ಅದೇ ಕೆಲಸ ಮಾಡುತ್ತಿದ್ದವರು. ಮೊದಲು ಮೌಸ್ ಒತ್ತಿ ದೊಡ್ಡದು ಮಾಡುವರು. ಆಮೇಲೆ ಅದರ ಮೇಲೆ ಗಾಜು ಹಿಡಿಯುವರು. ಆಮೇಲೆ ಮೂಗು ಗಾಜಿಗೆ ತಾಗುವಷ್ಟು ಬಗ್ಗಿ, ಉಸಿರು ಕಟ್ಟಿ ನೋಡುವರು. ಬಾಗಿಲಲ್ಲಿ ನಿಂತವರಿಗೆ, ಈ ಮನುಷ್ಯ ಪರದೆಯ ಒಳಗೆ ಕೈಹಾಕಿ ಏನನ್ನೋ ಹೆಕ್ಕುತ್ತಿದ್ದಾರೆ ಅನ್ನಿಸಬೇಕು.

ಕುಶಾಲನಗರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಗೊಬ್ಬರದಂಗಡಿ, ಅದರ ಮಹಡಿಯ ಮೇಲೆ ಅವರ ಅಂಗಡಿ. ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ ಎಂದು ಬೋರ್ಡಿತ್ತು. ಮೆಟ್ಟಿಲು ಹತ್ತುವಾಗ ಯೂರಿಯಾದ ವಾಸನೆ, ಹತ್ತಿದ ಮೇಲೆ ಬಿಸಿ ಕಾಗದದ ವಾಸನೆ. ರೈಟರ್ ಅಂದರೆ ಪುಸ್ತಕ ಬರೆಯುವವರಲ್ಲ. ನಮ್ಮ ಕಡೆ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕಿ, ಯಾರಿಗೆ ಯಾವ ಕೆಲಸ ಎಂದು ಬರೆದಿಡುವವರಿಗೆ ರೈಟರ್ ಎನ್ನುತ್ತಾರೆ. ಬೆಳ್ಳಿಯಪ್ಪನವರು ಗಾಳಿಬೀಡಿನ ಕಡೆಯವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಳಿಗ್ಗೆ ಆಳುಗಳ ಲೈನ್ ಮನೆಗಳ ಮುಂದೆ ನಿಂತು ಹೆಸರು ಕೂಗಿ, ನಿವೃತ್ತಿಯಾದ ಮೇಲೆ ಕಂಪ್ಯೂಟರ್ ಕಲಿತು, ಈ ಮಹಡಿ ಹಿಡಿದಿದ್ದರು. ಭೂತಗನ್ನಡಿಯೂ ಎಸ್ಟೇಟಿನದೇ. ಕಾಫಿ ಕಾಯಿಗೆ ಹುಳ ತೂತು ಕೊರೆದಿದೆಯೋ ಇಲ್ಲವೋ ನೋಡಲು ಕೊಟ್ಟಿದ್ದು. "ವಾಪಸ್ ಕೊಡ್ಲಿಕ್ಕೆ ಹೋದೆ. ದೊರೆ ಇಟ್ಕೊಳ್ಳಿ ಅಂದ್ರು. ಕಣ್ಣು ಕೊಟ್ಟು ಕಳಿಸಿದ್ರು ಅಂತ ಇಟ್ಕೊಂಡೆ," ಎನ್ನುತ್ತಿದ್ದರು.

ಯಾರು ಯಾವ ಕಾಗದ ತಂದರೂ ಅವರದು ಒಂದೇ ಪ್ರಶ್ನೆ. ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, "ಇದನ್ನ ನೋಡುವವ ಯಾರು?" ಎಂದು ಕೇಳುವರು. ಅದಕ್ಕೆ ಉತ್ತರ ಬಾರದೆ ಕೈ ಮುಂದೆ ಹೋಗುತ್ತಿರಲಿಲ್ಲ. ಒಮ್ಮೆ ಒಬ್ಬರು ತಾಯಿಯ ಎಕ್ಸ್‌ರೇ ತಂದು, ಫೈಲು ದೊಡ್ಡದಾಗಿದೆ, ಮೈಸೂರಿಗೆ ಹೋಗುತ್ತಿಲ್ಲ, ಇಳಿಸಿಕೊಡಿ ಎಂದರು. "ನೋಡುವವ ಯಾರು?" "ಡಾಕ್ಟ್ರು." "ಇಳಿಸುದಿಲ್ಲ. ಡಾಕ್ಟ್ರ ಕಣ್ಣಿಗೆ ನಾನು ಧೂಳು ಹಾಕುದಿಲ್ಲ," ಎಂದು ಅದನ್ನು ಮೂರು ಭಾಗ ಮಾಡಿ ಮೂರು ಸಲ ಕಳಿಸಿದರು. ಇನ್ನೊಬ್ಬರು ಹಳೇ ಜಾತಿ ಪ್ರಮಾಣಪತ್ರ ತಂದರೆ ಅದರ ಬಣ್ಣವನ್ನೆಲ್ಲ ತೆಗೆದು ಕಪ್ಪುಬಿಳುಪು ಮಾಡಿ, ಮೊಹರು ಮತ್ತು ಸಹಿಯ ಜಾಗಕ್ಕೆ ಗಾಜು ಹಿಡಿದು ಅರ್ಧ ಗಂಟೆ ಕೂತರು. ನನಗೆ ತಲೆಬುಡ ಗೊತ್ತಾಗಲಿಲ್ಲ. ಒಂದಕ್ಕೆ ಆಗುವುದಿಲ್ಲ ಎಂದವರು ಇನ್ನೊಂದಕ್ಕೆ ಯಾಕೆ ಅಷ್ಟು ಧಾರಾಳ?

ನನ್ನ ವಿಷಯ ಹೇಳುತ್ತೇನೆ. ನನ್ನ ಹೆಸರು ನಿಂಗರಾಜು. ನಮ್ಮ ತಂದೆ ಹಾಸನದ ಕಡೆಯಿಂದ ಇಲ್ಲಿಗೆ ಬಂದು ನೆಲೆ ನಿಂತ ಒಕ್ಕಲಿನವರು. ಮನೆಯವರೆಲ್ಲ ಭತ್ತ, ಶುಂಠಿ ಎಂದು ಹೊಲಕ್ಕೆ ಇಳಿದರೆ ನಾನು ಮರದ ಮಿಲ್ಲಿಗೆ ಹೋದೆ. ಹದಿಮೂರನೇ ವಯಸ್ಸಿಗೆ ಹಿಡಿದ ಉಳಿ ಇನ್ನೂ ಕೈಯಲ್ಲಿದೆ. ನಾನು ಮಾಡಿದ ಬಾಗಿಲುವಾಡದ ಮೂಲೆಗೆ ಉಗುರು ಹಾಕಿ ಎಳೆದರೆ ಎಲ್ಲಿಯೂ ತಡೆಯುವುದಿಲ್ಲ. ಇದು ಜಂಬದ ಮಾತಾದರೆ ಆಗಲಿ. ಬೇರೆ ಜಂಬ ಮಾಡುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ನಮ್ಮ ಕಡೆ ಹೊಸದಾಗಿ ಒಂದು ತರಬೇತಿ ಕೇಂದ್ರ ಶುರುವಾಗಿ, ಮರಗೆಲಸ ಕಲಿಸಲು ಜನ ಬೇಕು ಎಂದು ಕರೆದರು. ಓದಿನ ಪ್ರಮಾಣಪತ್ರ ಇಲ್ಲದವರು ತಾವೇ ಮಾಡಿದ ಕೆಲಸದ ಫೋಟೋಗಳನ್ನು ಒಂದೇ ಪಿಡಿಎಫ್ ಮಾಡಿ ಹಾಕಬಹುದು ಎಂದಿತ್ತು. ಅದನ್ನು ಎರಡೆರಡು ಸಲ ಓದಿದೆ. ಶಾಲೆ ಬಿಟ್ಟವನನ್ನು ಮೇಷ್ಟ್ರು ಮಾಡುವ ಬಾಗಿಲು ಇನ್ನೆಲ್ಲಿ ತೆರೆಯುತ್ತದೆ? ಎಡಭುಜ ಬೇರೆ ಎರಡು ವರ್ಷದಿಂದ ನೋಯುತ್ತಿತ್ತು. ದೊಡ್ಡ ತೊಲೆ ಎತ್ತುವ ಕಾಲ ಮುಗಿಯಿತು ಎಂದು ನನಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಪ್ರಕಟಣೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇತ್ತು. ಫೈಲು ಎರಡು ಎಂಬಿ ಮೀರಬಾರದು. ಚಿತ್ರಗಳು ಸ್ಪಷ್ಟವಾಗಿರಬೇಕು. ಕೊನೆಯ ದಿನಕ್ಕೆ ಒಂಬತ್ತು ದಿನ ಉಳಿದಿತ್ತು.

ನನ್ನ ಫೋನಿನಲ್ಲಿ ಹತ್ತು ಬಾಗಿಲುಗಳ ಫೋಟೋ ಇತ್ತು. ತೆಗೆದುಕೊಂಡು ಮಹಡಿ ಹತ್ತಿದೆ.

ರೈಟ್ರು ಫೋನಿನಲ್ಲೇ ಪಿಡಿಎಫ್ ಮಾಡಿದರು. ನಲವತ್ತಾರು ಎಂಬಿ ಎಂದು ಬಂತು.

"ನೋಡುವವ ಯಾರು?" ಎಂದರು.

"ಆಫೀಸ್ನೋರು."

"ಆಫೀಸು ನೋಡ್ಲಿಕ್ಕೆ ಅದಕ್ಕೆ ಕಣ್ಣುಂಟಾ? ಮನುಷ್ಯ ಯಾರು? ಮರ ಗೊತ್ತಿದ್ದವನಾ, ಗೊತ್ತಿಲ್ಲದವನಾ?"

"ಅದು ನಂಗೆಂಗೆ ಗೊತ್ತಾಯ್ತದೆ ರೈಟ್ರೇ? ನೀವು ತೂಕ ಇಳಿಸ್ಕೊಡಿ, ಸಾಕು."

"ಇಳಿಸ್ಬಹುದು ಮಾರಾಯ. ನಲವತ್ತನಾಲ್ಕು ಎಂಬಿ ಬಿಸಾಕ್ಬೇಕು. ಎಂತ ಬಿಸಾಕುದು ಅಂತ ನೀನು ಹೇಳು."

ನಾನು ಯಾವುದನ್ನೂ ಬಿಸಾಕಬಾರದು, ತೂಕ ಮಾತ್ರ ಇಳಿಯಬೇಕು ಎಂದೆ. ಅವರು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಆಗಲೇ ಗಂಟಲಿಗೆ ಬಂದದ್ದು ಆ ಪ್ರಶ್ನೆ, ಇವತ್ತಿಗೂ ಹೋಗಿಲ್ಲ. "ಅಲ್ಲ ರೈಟ್ರೇ, ನಾವು ಮರ ಕೀಸಿ ಸಣ್ಣ ಮಾಡಿದ್ರೆ ಸಿಪ್ಪೆ ಕಾಲಡಿ ಬೀಳ್ತದೆ. ಗುಡಿಸಿ ಒಲೆಗೆ ಹಾಕ್ತೀವಿ. ಇದನ್ನ ಸಣ್ಣ ಮಾಡಿದ್ರೆ ಸಿಪ್ಪೆ ಎಲ್ಲಿ ಬೀಳ್ತದೆ?"

ಅವರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

"ಎಸ್ಟೇಟಲ್ಲಿ ನಲವತ್ತು ಆಳು ಕಾಫಿ ಕೊಯ್ಲಿಕ್ಕೆ, ಪಿಕ್ಕಿಂಗಿಗೆ ಹೋದ್ರೆ ನಾನು ಪುಸ್ತಕದಲ್ಲಿ ನಲವತ್ತು ಸಲ ಪಿಕ್ಕಿಂಗ್ ಪಿಕ್ಕಿಂಗ್ ಅಂತ ಬರೀತೇನಾ? ಮೇಲೆ ಒಂದು ಸಲ ಬರೀತೇನೆ. ಕೆಳಗೆ ಎಲ್ಲರಿಗೂ ಎರಡೆರಡು ಚುಕ್ಕಿ. ಮೇಲಿನ ಹಾಗೇ ಅಂತ. ಪುಸ್ತಕ ತೆಳ್ಳಗಾಯ್ತು, ಆಳು ಒಬ್ಬನೂ ಕಮ್ಮಿಯಾಗ್ಲಿಲ್ಲ. ಬಿಳೀ ಗೋಡೆಯ ಫೋಟೋ ಹಾಗೆ. ಒಂದು ಕಡೆ ಬಿಳಿ ಅಂತ ಬರೆದು ಉಳಿದದ್ದಕ್ಕೆ ಚುಕ್ಕಿ. ನೀನು ಎಂತ ಮಾಡಿದ್ದಿ? ಬಾಗಿಲಿನ ಹಿಂದೆ ಇಡೀ ತೋಟ ನಿಲ್ಸಿದ್ದಿ. ಸಿಲ್ವರ್ ಮರದ ಒಂದೊಂದು ಎಲೆಗೂ ಇದು ಹೆಸರು ಬರೀಬೇಕು. ಒಂದು ಎಲೆ ಇನ್ನೊಂದರ ಹಾಗೆ ಉಂಟಾ?"

ಪುಸ್ತಕದ ಮಾತು ಅರ್ಥವಾಯಿತು. ಎಲೆಯ ಮಾತೂ ಅರ್ಥವಾಯಿತು. ಎರಡನ್ನೂ ಸೇರಿಸಿದರೆ ಏನೂ ಅರ್ಥವಾಗಲಿಲ್ಲ. ಆಳುಗಳು ಕಮ್ಮಿಯಾಗದೆ ಪುಸ್ತಕ ತೆಳ್ಳಗಾಗುವುದಾದರೆ, ಬಿಸಾಕಬೇಕು ಎಂದು ಮೊದಲು ಹೇಳಿದ್ದು ಯಾಕೆ? ಕೇಳಿದರೆ ಮತ್ತೆ ನಗುತ್ತಾರೆ. "ಆಯ್ತು ಬಿಡಿ, ನಾನೇ ಮಾಡ್ಕೊತೀನಿ," ಎಂದು ಫೋನು ಕಿತ್ತುಕೊಂಡು ಮೆಟ್ಟಿಲಿಳಿದೆ.

ಮಾಡಿಯೂಬಿಟ್ಟೆ. ಫೈಲು ಹಾಕಿದರೆ ಸಣ್ಣ ಮಾಡಿಕೊಡುವ ಜಾಗ ಫೋನಿನಲ್ಲೇ ಸಿಕ್ಕಿತು. ಒಂದು ಸಲ ಹಾಕಿದೆ, ನಲವತ್ತಾರು ಇದ್ದದ್ದು ಇಪ್ಪತ್ತಾಯಿತು. ಬಂದದ್ದನ್ನೇ ಮತ್ತೆ ಹಾಕಿದೆ, ಹನ್ನೊಂದು. ಕೀಸುಳಿ ಹೊಡೆದ ಹಾಗೆ, ಒಂದು ಏಟಿಗೆ ಆಗದ್ದು ಹತ್ತು ಏಟಿಗೆ ಆಗುತ್ತದೆ ಎಂಬುದು ನನ್ನ ಕೈಗೆ ಗೊತ್ತಿರುವ ವಿದ್ಯೆ. ತಾಳ್ಮೆಯಿಂದ ಕೂತು ಹೊಡೆದೆ. ನಡುವೆ ಫೋನು ಜಾಗ ಇಲ್ಲ ಎಂದಿತು. ಕೀಸಿ ಮುಗಿಸಿದ ಹಲಗೆಯ ಪಕ್ಕ ಹಳೇ ದಿಮ್ಮಿ ಯಾಕೆ ಎಂದು ಮೊದಲಿನ ಹತ್ತು ಫೋಟೋಗಳನ್ನೂ ನಲವತ್ತಾರು ಎಂಬಿಯ ಫೈಲನ್ನೂ ಅಳಿಸಿದೆ. ಸಂಜೆಗೆ ಒಂದು ಎಂಬಿ ಎಂಟುನೂರು ಕೆಬಿಗೆ ಬಂತು. ಫೋನಿನ ಸಣ್ಣ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು.

ಮರುದಿನ ಅದನ್ನು ರೈಟ್ರಿಗೆ ತೋರಿಸಲೇಬೇಕು ಅನ್ನಿಸಿತು. ಸಹಾಯಕ್ಕಲ್ಲ, ತೋರಿಸುವುದಕ್ಕೇ ಹೋದೆ.

ಅವರು ಪರದೆಯ ಮೇಲೆ ತೆರೆದು ಗಾಜು ಹಿಡಿದರು. ಹತ್ತಿರ ಬಗ್ಗಿದರು, ಹಿಂದೆ ಸರಿದರು, ಮತ್ತೆ ಬಗ್ಗಿದರು.

"ಇದು ಎಂತದು ಮಾರಾಯ? ಬಾಗಿಲಾ, ನೆನೆದ ಬಿಸ್ಕತ್ತಾ?"

"ತೇಗದ ಬಾಗ್ಲು. ಕಾಣಕ್ಕಿಲ್ವಾ?"

"ಈ ಮೂಲೆ ಕೂಡಿಸಿದ್ದು ನೀನಾ?"

"ಮತ್ತಿನ್ಯಾರು?"

"ಗೊತ್ತಾಗುದಿಲ್ಲ. ಇದರಲ್ಲಿ ನೀನು ಕೂಡಿಸಿದ್ರೂ ಒಂದೇ, ನಾನು ಮೊಳೆ ಹೊಡ್ದು ಕೂಡಿಸಿದ್ರೂ ಒಂದೇ. ಮಂಕು ಫೋಟೋದಲ್ಲಿ ಎಲ್ಲ ಬಡಗಿಯೂ ಒಳ್ಳೇ ಬಡಗಿ."

ಪರದೆಯನ್ನು ನಾನೂ ನೋಡಿದೆ. ಅಷ್ಟು ದೊಡ್ಡದಾಗಿ ನೋಡಿದ್ದು ಅದೇ ಮೊದಲು. ಮರದ ಗೆರೆಗಳೆಲ್ಲ ಕರಗಿ, ಚೌಕ ಚೌಕವಾಗಿ ಹೆಪ್ಪುಗಟ್ಟಿತ್ತು. ಕೂಡಿಸಿದ ಜಾಗ ಯಾವುದು, ಬಣ್ಣದ ಕಲೆ ಯಾವುದು ತಿಳಿಯುತ್ತಿರಲಿಲ್ಲ.

"ಮೊದಲಿನ ಫೋಟೋ ಕೊಡು. ಅದರಿಂದ ಮಾಡುವ," ಎಂದರು.

"ಅಳಿಸ್ಬುಟ್ಟೆ."

ಅವರು ಗಾಜನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಬೈಯುತ್ತಾರೆ ಎಂದುಕೊಂಡೆ.

"ನಿಂಗರಾಜು, ಕೀಸಿ ತೆಳ್ಳಗೆ ಮಾಡಿದ ಹಲಗೆ ಮತ್ತೆ ದಪ್ಪ ಆಗ್ತದಾ?"

"ಇಲ್ಲ."

"ಗೊತ್ತುಂಟಲ್ಲ ಹಾಗಾದ್ರೆ."

ಇಷ್ಟೇ. ನನ್ನ ವಿದ್ಯೆಯಿಂದಲೇ ನನ್ನ ತಲೆಯ ಮೇಲೆ ಕುಟ್ಟಿದರು. ಹಾಗಾದರೆ ಇದೂ ಮರದ ಹಾಗೇ ತಾನೆ, ಸಿಪ್ಪೆ ಎಲ್ಲಿಗೋ ಹೋಗಿರಲೇಬೇಕು ತಾನೆ ಎಂದು ಕೇಳಬೇಕೆನ್ನಿಸಿತು. ಕೇಳುವ ಮುಖ ಉಳಿದಿರಲಿಲ್ಲ.

ಎರಡು ದಿನ ಆ ಕಡೆ ಹೋಗಲಿಲ್ಲ. ಅರ್ಜಿಯೇ ಬೇಡ ಎಂದು ಮನೆಯಲ್ಲಿ ಹೇಳಿದೆ. "ಊರೋರ ಮನೆಗೆಲ್ಲ ಬಾಗ್ಲು ಮಾಡ್ದೋರು, ಒಂದು ಅಂಗ್ಡಿ ಬಾಗ್ಲಿಗೆ ಇನ್ನೊಂದ್ಸಲ ಹೋಗಕ್ಕೆ ನಾಚ್ಕೊಂಡ್ರೆ ಹೆಂಗೆ?" ಎಂದಳು ಹೆಂಡತಿ, ಅಕ್ಕಿ ಆರಿಸುತ್ತಾ, ತಲೆಯೆತ್ತದೆ. ಹೋದೆ. ಹೋದಾಗ ರೈಟ್ರು ಅಂಗಡಿಯ ಬಾಗಿಲಿಗೆ ಬೀಗ ಹಾಕಿ, ಬಿಳಿ ಪಂಚೆಯೊಂದನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. "ನಿನ್ನೆಯೂ ಕಾದೆ. ನಡಿ. ಹತ್ತು ಬೇಡ, ಐದು ಬಾಗಿಲು ಸಾಕು. ಎಲ್ಲೆಲ್ಲುಂಟು ಹೇಳು," ಎಂದರು. ನಾನು ಬಂದೇ ಬರುತ್ತೇನೆ ಎಂದು ಅವರಿಗೆ ಹೇಗೆ ಗೊತ್ತಿತ್ತೋ, ಬೀಗ ಹಾಕಿ ಕಾಯುವಷ್ಟು ನನ್ನ ಬಾಗಿಲುಗಳಲ್ಲಿ ಅವರಿಗೆ ಏನಿತ್ತೋ, ಅದೂ ಗೊತ್ತಾಗಲಿಲ್ಲ.

ಕುಶಾಲನಗರದಲ್ಲೇ ಮೂರು ಮನೆ. ಒಂದೇ ದಿನ ಮುಗಿಯಿತು. ಪ್ರತಿ ಮನೆಯಲ್ಲೂ ಬಾಗಿಲು ತೆರೆದು, ಹಿಂದೆ ಪಂಚೆ ಇಳಿಬಿಟ್ಟು, ನನಗೊಂದು ತುದಿ, ಮನೆಯವರೊಬ್ಬರಿಗೆ ಇನ್ನೊಂದು ತುದಿ ಹಿಡಿಸಿ ರೈಟ್ರು ನನ್ನ ಫೋನಿನಲ್ಲಿ ಫೋಟೋ ತೆಗೆದರು. ಪೂರ್ತಿ ಬಾಗಿಲು ಒಂದು, ಮೂಲೆ ಕೂಡಿದ ಜಾಗ ಹತ್ತಿರದಿಂದ ಒಂದು. ಬಿಸಿಲು ಏರುವವರೆಗೆ ಕಾಯುತ್ತಿದ್ದರು. ಬೆಳಕು ಕಮ್ಮಿಯಿದ್ದರೆ ಫೋಟೋದಲ್ಲಿ ರವೆ ಚೆಲ್ಲಿದ ಹಾಗೆ ಕಾಳು ಬರುತ್ತದಂತೆ, ಆ ಒಂದೊಂದು ಕಾಳಿಗೂ ತೂಕವಂತೆ. ಇಲ್ಲದ ಕಾಳಿಗೆ ತೂಕ ಹೇಗೆ ಎಂದರೆ, "ಕೆಲಸಕ್ಕೆ ಬರದ ಆಳಿಗೂ ಕೆಲವರು ಹಾಜರಿ ಹಾಕುದಿಲ್ವಾ? ಹಾಗೆ," ಎಂದರು.

ಮರುದಿನ ಗಾಳಿಬೀಡು. ಅಲ್ಲಿಯ ಬಾಗಿಲು ಬೀಟೆಯದು. ಪಂಚೆಯ ಎರಡು ತುದಿಯನ್ನೂ ಮನೆಯವರೇ ಹಿಡಿದದ್ದರಿಂದ, ಫೋಟೋ ತೆಗೆಯುವಾಗ ನಾನು ಅಭ್ಯಾಸದಂತೆ ಬಾಗಿಲ ಪಕ್ಕ ಎದೆ ಸೆಟೆಸಿ ನಿಂತೆ.

"ನೀನು ಯಾಕೆ ಅಲ್ಲಿ?"

"ನಾನು ಮಾಡಿದ್ದು ಅಂತ ಗೊತ್ತಾಗ್ಬೇಕಲ್ಲ."

"ನೀನೊಬ್ಬ ಮುನ್ನೂರು ಕೆಬಿ ಆಗ್ತೀ ಮಾರಾಯ. ಆ ಚೌಕಳಿ ಅಂಗಿ ಬೇರೆ. ಸರಿ ಆಚೆ."

ಸರಿದೆ. ಸ್ವಂತ ಬಾಗಿಲಿನ ಮುಂದಿನಿಂದ ಕೆಬಿ ಲೆಕ್ಕ ಹೇಳಿ ಸರಿಸಿದವರು ಅವರೊಬ್ಬರೇ.

ಅದರ ಮರುದಿನ ಹುದಿಕೇರಿ. ಅಲ್ಲಿ ಅವರ ತಂಗಿಯ ಮನೆ ಇತ್ತು, ಊಟ ಅಲ್ಲೇ ಎಂದು ಬಸ್ಸಿನಲ್ಲಿ ಹೇಳಿಕೊಂಡೇ ಬಂದರು. ನಾನು ಬಾಗಿಲು ಮಾಡಿದ್ದ ಮನೆಗೆ ಹೋಗಿ, ಪಂಚೆ ಹಿಡಿದು, ಬಾಗಿಲಿನ ಫೋಟೋ ತೆಗೆದು ಮುಗಿಸಿದೆವು. ಹೊರಡಬೇಕು ಅನ್ನುವಾಗ ಅವರ ಕಣ್ಣು ಪಕ್ಕದ ಕೋಣೆಯ ಕಿಟಕಿಗೆ ಬಿತ್ತು.

ಆ ಕಿಟಕಿಯೂ ನನ್ನದೇ. ಅದನ್ನು ನಾನು ಹತ್ತು ಫೋಟೋಗಳಲ್ಲಿ ಸೇರಿಸಿರಲಿಲ್ಲ. ಮಳೆಗಾಲದಲ್ಲಿ, ಗೃಹಪ್ರವೇಶಕ್ಕೆ ದಿನ ಹತ್ತಿರ ಬಂತು ಎಂದು ಅವಸರ ಮಾಡಿದರು. ಸರಿಯಾಗಿ ಒಣಗದ ಹಲಸಿನ ಮರದಲ್ಲಿ ಕೂಡಿಸಿದೆ. ಬೇಸಿಗೆಗೆ ಮರ ಒಣಗಿ ಕುಗ್ಗಿತು. ಕೆಳಗಿನ ಎಡಮೂಲೆಯಲ್ಲಿ ಸಂದು ಬಿಟ್ಟಿತು. ಆ ಮನೆಗೆ ಹೋದಾಗಲೆಲ್ಲ ನಾನು ಆ ಕಡೆ ಬೆನ್ನು ಮಾಡಿಯೇ ಕೂರುವುದು.

ರೈಟ್ರು ಜೇಬಿನಿಂದ ಗಾಜು ತೆಗೆದು ಆ ಮೂಲೆಗೆ ಹಿಡಿದರು. ಇನ್ನೊಂದು ಜೇಬಿನಿಂದ ಬಸ್ ಟಿಕೆಟ್ ತೆಗೆದು ಸಂದಿಗೆ ತೂರಿಸಿದರು. ಟಿಕೆಟ್ ಅರ್ಧ ಒಳಗೆ ಹೋಯಿತು.

"ಇದೂ ನಿನ್ನದಾ?"

"ಹೂಂ."

"ಪಂಚೆ ಹಿಡಿ. ಕಿಟಕಿಯ ಆಚೆಗೆ ಹೋಗಿ ಹಿಡಿ, ತೋಟ ಕಾಣ್ತದೆ."

"ರೈಟ್ರೇ, ಅದು ಬ್ಯಾಡ."

"ಹಿಡಿ ಮಾರಾಯ. ತೆಗೆದಿಟ್ಟುಕೊಳ್ಳುವ."

ತೆಗೆದಿಟ್ಟುಕೊಳ್ಳುವುದಷ್ಟೇ ತಾನೆ ಎಂದು ಹಿಡಿದೆ. ಬಿಸಿಲಿನಲ್ಲಿ, ಕಿಟಕಿಯ ಆಚೆ, ನನ್ನ ತಪ್ಪಿಗೆ ನಾನೇ ಪರದೆ ಕಟ್ಟಿ ನಿಂತಿದ್ದೆ.

ಕೊನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಕೂತೆವು. ಐದು ಗಂಟೆಗೆ ಅರ್ಜಿ ಮುಚ್ಚುತ್ತದೆ. ರೈಟ್ರ ಕೆಲಸ ನೋಡುವುದೇ ಒಂದು ಶಿಕ್ಷೆ. ಫೋಟೋದ ಮೇಲಿನ ಗೋಡೆ, ಕೆಳಗಿನ ನೆಲ ಕತ್ತರಿಸಿದರು. ಪೂರ್ತಿ ಬಾಗಿಲನ್ನು ಪೋಸ್ಟ್‌ಕಾರ್ಡಿಗಿಂತ ಚಿಕ್ಕದು ಮಾಡಿದರು. "ಇದು ಬಾಗಿಲು ಅಂತ ತಿಳಿದ್ರೆ ಸಾಕು." ಮೂಲೆಯ ಫೋಟೋವನ್ನು ದೊಡ್ಡದಾಗಿ ಉಳಿಸಿ, ಒಂದೊಂದೇ ಮೆಟ್ಟಿಲು ತೂಕ ಇಳಿಸಿ, ಪ್ರತಿ ಸಲವೂ ಗಾಜು ಹಿಡಿದು ಮರದ ಗೆರೆ ಎಣಿಸುವರು. ಗೆರೆ ಕರಗಿತು ಅನ್ನಿಸಿದರೆ ಒಂದು ಮೆಟ್ಟಿಲು ಮೇಲೆ. ಅದೂ ಇಳಿಸಿದ್ದರಿಂದ ಮತ್ತೆ ಇಳಿಸುವುದಲ್ಲ, ಪ್ರತಿ ಸಲ ಮೊದಲಿನ ಫೋಟೋಕ್ಕೇ ಹೋಗಿ ಹೊಸದಾಗಿ ಶುರು. ನಾನು ಕೈಯಲ್ಲಿ ಬರೆದು ಫೋಟೋ ಹೊಡೆದು ತಂದಿದ್ದ ಬಾಗಿಲುಗಳ ವಿವರಗಳನ್ನು ಟೈಪ್ ಮಾಡಿ, ಆ ಹಾಳೆಗಳ ಫೋಟೋ ತೆಗೆದುಹಾಕಿದರು. ಅಕ್ಷರಕ್ಕೆ ಅಕ್ಷರವಾಗಿಯೇ ಇದ್ದರೆ ತೂಕವಿಲ್ಲವಂತೆ, ಅದರ ಫೋಟೋಕ್ಕೆ ತೂಕವಂತೆ. ಕೇಳಿದೆ. ತಲೆಯಾಡಿಸಿದೆ. ಅರ್ಥವಾಗಲಿಲ್ಲ.

ಐದು ಪುಟ, ಐದು ಬಾಗಿಲು. ಮುಗಿಯಿತು ಎಂದುಕೊಂಡೆ. ಅವರು ಆರನೇ ಪುಟ ತೆರೆದು ಕಿಟಕಿಯನ್ನು ಹಾಕಿದರು. ಸಂದು ಅಷ್ಟು ದೊಡ್ಡ ಪರದೆಯಲ್ಲಿ ಹೊಳೆಯ ಹಾಗೆ ಕಂಡಿತು. ಅದರಲ್ಲಿ ಸಿಕ್ಕಿಕೊಂಡಿದ್ದ ಬಸ್ ಟಿಕೆಟ್ಟೂ ಕಂಡಿತು.

"ತೆಗೀರಿ ಅದನ್ನ."

"ಇರ್ಲಿ."

"ಏನ್ ಇರ್ಲಿ? ನನ್ನ ಮಾನ ತೆಗೆಯಕ್ಕೆ ಕೂತಿದ್ದೀರಾ? ಇದು ನನ್ನ ಅರ್ಜಿ."

"ಹೌದಲ್ಲ, ನಿನ್ನದೇ. ಹಾಗಾದ್ರೆ ನೀನೇ ತೆಗಿ," ಎಂದು ಮೌಸನ್ನು ನನ್ನ ಕಡೆ ತಳ್ಳಿದರು.

ನನಗೆ ತೆಗೆಯಲು ಬರುತ್ತಿರಲಿಲ್ಲ. ಅದು ಅವರಿಗೆ ಗೊತ್ತು. ಗೋಡೆಯ ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಅದನ್ನಾದರೂ ಸ್ವಲ್ಪ ಮಂಕು ಮಾಡಿ, ಸಂದು ಮುಚ್ಚಿಹೋಗಲಿ ಎಂದೆ. ದನಿ ನನಗೇ ಕೇಳಿಸದಷ್ಟು ಸಣ್ಣಗಾಗಿತ್ತು. ಅವರು ತಿರುಗಿ ನನ್ನನ್ನೇ ನೋಡಿದರು, ಗಾಜು ಇಲ್ಲದೆ. "ಐದನ್ನು ಒಂದು ಕಣ್ಣಲ್ಲಿ, ಇದೊಂದನ್ನು ಇನ್ನೊಂದು ಕಣ್ಣಲ್ಲಿ ನೋಡ್ಲಿಕ್ಕೆ ನನಗೆ ಬರುದಿಲ್ಲ ಮಾರಾಯ," ಎಂದರು. ಒಂದು ಎಂಬಿ ಒಂಬೈನೂರು ಕೆಬಿ. ಅರ್ಜಿ ಹೋಯಿತು. ನಾನು ಚಪ್ಪಲಿ ಮೆಟ್ಟಿ, ಹೋಗಿಬರುತ್ತೇನೆ ಎಂದೂ ಹೇಳದೆ ಇಳಿದುಬಂದೆ. ಒಳ್ಳೆಯದು ಮಾಡಿದರೋ ಕೆಟ್ಟದ್ದು ಮಾಡಿದರೋ ತಿಳಿಯದ ಮನುಷ್ಯನಿಗೆ ಏನು ಹೇಳಿ ಬರುವುದು?

ತಿಂಗಳಾದ ಮೇಲೆ ಸಂದರ್ಶನಕ್ಕೆ ಕರೆದರು. ಮೇಜಿನ ಆಚೆ ಮೂವರು. ನಡುವೆ ಕೂತಿದ್ದ ಹೆಂಗಸು, ನರೆತ ಕೂದಲಿನವರು, ಅವರೇ ಮಾತಾಡಿದ್ದು. ನನ್ನ ಫೈಲನ್ನು ಗೋಡೆಯ ಪರದೆಗೆ ಹಾಕಿದರು. ಪುಟ ತಿರುಗಿಸುತ್ತಾ ಹೋದವರು ಆರನೆಯದಕ್ಕೆ ನಿಂತರು.

"ಏನಿದು, ಇಲ್ಲಿ?"

"ಸಂದು ಮೇಡಮ್. ಮರ ಒಣಗಿರ್ಲಿಲ್ಲ. ಅವಸರಕ್ಕೆ ಕೂಡಿಸ್ದೆ. ಬೇಸ್ಗೇಲಿ ಬಿಟ್ಕೊಂತು."

"ಮಧ್ಯೆ ಏನೋ ಇದೆಯಲ್ಲ?"

"ಬಸ್ ಟಿಕೆಟ್ಟು."

ಒಬ್ಬರು ನಕ್ಕರು. ಆಕೆ ನಗಲಿಲ್ಲ. ಈಗ ಹಲಸಿನ ಮರ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ. ಎಷ್ಟು ತಿಂಗಳು ನೆರಳಲ್ಲಿ ಇಡಬೇಕು, ತುದಿಗೆ ಏನು ಬಳಿಯಬೇಕು, ತಟ್ಟಿದರೆ ಯಾವ ಸದ್ದು ಬರಬೇಕು, ಯಾರು ಅವಸರ ಮಾಡಿದರೂ ಯಾಕೆ ಕೊಡಬಾರದು. ಎಷ್ಟು ಹೊತ್ತು ಹೇಳಿದೆನೋ. ಬಾಯಿ ಒಣಗಿದಾಗ ನಿಲ್ಲಿಸಿದೆ.

ಆಕೆ ಮತ್ತೆ ಮೊದಲನೇ ಪುಟಕ್ಕೆ ಹೋದರು. ಬಾಗಿಲಿನ ಮೂಲೆಯನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಮರದ ಗೆರೆ ಒಂದು ತುಂಡಿನಿಂದ ಇನ್ನೊಂದಕ್ಕೆ ಬಂದು ಮುಟ್ಟುವ ಜಾಗದಲ್ಲಿ ಕಣ್ಣಿಟ್ಟು ಕೂತರು. ಎರಡನೇ ಪುಟ. ಮೂರನೆಯದು. ನಾಲ್ಕು, ಐದು. ಏನನ್ನೋ ಹುಡುಕುತ್ತಿದ್ದರು, ಸಿಗುತ್ತಿರಲಿಲ್ಲ. ಎಲ್ಲ ತಪ್ಪೂ ತೋರಿಸಿಯಾಗಿದೆಯಲ್ಲ, ಇನ್ನೇನು ಹುಡುಕುತ್ತಾರೆ ಎಂದು ನಾನು ಬೆವರುತ್ತಿದ್ದೆ.

"ಒಂದನೇ ತಾರೀಕಿನಿಂದ ಬರೋದಕ್ಕಾಗುತ್ತಾ?" ಎಂದರು.

ನೇರ ಬಸ್‌ಸ್ಟ್ಯಾಂಡಿನ ಹಿಂದಕ್ಕೆ ಬಂದೆ. ಕ್ಷಮೆ ಕೇಳಬೇಕೋ, ಸಿಟ್ಟು ಇನ್ನೂ ಇಟ್ಟುಕೊಳ್ಳಬೇಕೋ, ಮೆಟ್ಟಿಲು ಹತ್ತುವಾಗ ತೀರ್ಮಾನಿಸೋಣ ಎಂದಿದ್ದೆ. ಮೇಲೆ ಬೀಗ ಇತ್ತು. ಬೋರ್ಡು ಇಳಿಸಿ ಗೋಡೆಗೆ ಒರಗಿಸಿದ್ದರು. ಕೆಳಗೆ ಗೊಬ್ಬರದಂಗಡಿಯವರು ಹೇಳಿದರು. "ಕಣ್ಣು ಪೂರ್ತಿ ಹೋಗ್ತಾ ಬಂತಂತೆ. ಎರಡು ವರ್ಷದಿಂದ ಹಾಗೇ ಇತ್ತು, ಯಾರಿಗೂ ಹೇಳಿರ್ಲಿಲ್ಲ. ತಂಗಿ ಬಂದು ಹುದಿಕೇರಿಗೆ ಕರ್ಕೊಂಡು ಹೋದ್ರು."

ನಾನು ಆ ಮೆಟ್ಟಿಲ ಮೇಲೆಯೇ ಕೂತೆ. ಎರಡು ವರ್ಷ. ಪರದೆ ದೊಡ್ಡದು ಮಾಡಿ, ಅದರ ಮೇಲೆ ಗಾಜು, ಗಾಜಿನ ಮೇಲೆ ಮೂಗು. ಅದನ್ನು ನೋಡಿ ನಾನು ನಕ್ಕಿದ್ದೆ. ಅಷ್ಟು ಮಂಕಾದ ಕಣ್ಣಲ್ಲಿ ಅವರು ನನ್ನ ಮರದ ಗೆರೆ ಎಣಿಸಿದ್ದು ಹೇಗೆ? ಆ ಕೋಣೆಯ ಕಿಟಕಿಯ ಸಂದು ಅಷ್ಟು ದೂರದಿಂದ ಕಂಡದ್ದು ಹೇಗೆ? ಕಂಡಿತ್ತೋ, ಅಥವಾ ನಾನು ಆ ಕಡೆ ಬೆನ್ನು ಮಾಡಿ ನಿಂತದ್ದೇ ಕಂಡಿತ್ತೋ?

ಭುಜ ನೋಯುತ್ತಿದ್ದರೂ ಒಂದು ವಾರ ಕೂತು ಅವರ ಗಾಜಿಗೊಂದು ಬೀಟೆಯ ಚೌಕಟ್ಟು ಮಾಡಿದೆ. ಕೈಯಲ್ಲಿ ಹಿಡಿಯುವ ಕಷ್ಟ ಬೇಡ, ಮೇಜಿನ ಮೇಲೆ ನಿಲ್ಲಬೇಕು, ಕೆಳಗೆ ಪುಸ್ತಕವೋ ಫೋನೋ ಇಟ್ಟು ನೋಡುವಂತಿರಬೇಕು. ನಾಲ್ಕು ಕಾಲು, ನಾಲ್ಕು ಮೂಲೆ. ಒಂದು ಭಾನುವಾರ ಹುದಿಕೇರಿಗೆ ಹೋದೆ.

ಜಗಲಿಯಲ್ಲಿ ಕೂತಿದ್ದರು. ನನ್ನ ಹೆಜ್ಜೆಗೆ ತಲೆಯೆತ್ತಿ, "ಯಾರು?" ಎಂದರು. ಹೇಳಿದೆ. "ಓ, ಮುನ್ನೂರು ಕೆಬಿ," ಎಂದು ನಕ್ಕರು. ಕೆಲಸ ಸಿಕ್ಕಿದ್ದು ಹೇಳಿದೆ. "ಸಿಗ್ಲಿ ಸಿಗ್ಲಿ," ಎಂದರು, ಹಾಲು ಕಾಯಿತು ಅಂದರೆ ಹೇಳುವ ಹಾಗೆ. ಅವರ ತಂಗಿ ಕಾಫಿ ತಂದಿಟ್ಟು ಹೋದರು.

"ರೈಟ್ರೇ, ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಆ ಕಿಟಕಿ ಬೇಕೂಂತ್ಲೇ ಹಾಕಿದ್ರಾ?"

"ಯಾವ ಕಿಟಕಿ?"

"ಸಂದು ಬಿಟ್ಟಿದ್ದು. ಟಿಕೆಟ್ ತೂರ್ಸಿದ್ರಲ್ಲ."

"ಅಂಥದ್ದೊಂದು ಇತ್ತಾ?" ಎಂದು ತೋಟದ ಕಡೆ ಮುಖ ತಿರುಗಿಸಿದರು. ಮರೆತರೋ, ಆಟ ಆಡಿಸುತ್ತಿದ್ದಾರೋ, ಆ ಕಣ್ಣುಗಳಲ್ಲಿ ಓದಲು ಈಗ ಏನೂ ಉಳಿದಿರಲಿಲ್ಲ. ಹಾಗಾದರೆ ಇನ್ನೊಂದಾದರೂ ಹೇಳಿ ಎಂದೆ. ಆ ಸಿಪ್ಪೆ ಎಲ್ಲಿ ಬೀಳುತ್ತದೆ? ಅವರು ಕಾಫಿ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು. "ನನಗೂ ಗೊತ್ತಿಲ್ಲ ಮಾರಾಯ. ನಿನಗೆ ಹೇಳಿದ್ದೆಲ್ಲ ನನಗೆ ನಾನೇ ಹೇಳಿಕೊಂಡ ಸಮಾಧಾನ," ಎಂದರು. ಅಷ್ಟು ದಿನ ನಾನೊಬ್ಬನೇ ದಡ್ಡ ಎಂದುಕೊಂಡಿದ್ದೆ.

ಚೌಕಟ್ಟನ್ನು ಅವರ ಮಡಿಲಲ್ಲಿಟ್ಟೆ. ಏನು, ಯಾತಕ್ಕೆ ಎಂದು ಹೇಳಬೇಕಾಗಲಿಲ್ಲ. ಕೈಯಾಡಿಸಿದರು. ಗಾಜು ಕೂರುವ ಜಾಗ ಸಿಕ್ಕಿತು. ಕಾಲು ಸಿಕ್ಕಿತು. ಆಮೇಲೆ ಹೆಬ್ಬೆರಳಿನ ಉಗುರನ್ನು ಒಂದು ಮೂಲೆಗೆ ಇಟ್ಟು ಮೆಲ್ಲಗೆ ಎಳೆದರು. ಎರಡನೇ ಮೂಲೆ. ಮೂರನೆಯದು, ನಾಲ್ಕನೆಯದು. ಮತ್ತೆ ಮೊದಲಿನದಕ್ಕೆ ಬಂದರು. ಉಗುರು ಎಲ್ಲಿಯೂ ತಡೆಯಲಿಲ್ಲ. ನಾನು ಆ ಉಗುರನ್ನೇ ನೋಡುತ್ತಾ ಕೂತಿದ್ದೆ, ಸಂದರ್ಶನದಲ್ಲಿ ಗೋಡೆಯ ಪರದೆಯ ಮುಂದೆ ಕೂತ ಹಾಗೇ.

"ಎಂತದು ನಿಂಗರಾಜು," ಎಂದರು, "ಒಂದು ಕಡೆಯಾದ್ರೂ ಸ್ವಲ್ಪ ಸಂದು ಬಿಡಬಾರದಿತ್ತಾ? ನಾನು ಹೇಗೆ ನಂಬುದು?"

ನಗಬೇಕೆಂದು ಬಾಯಿ ತೆರೆದೆ. ಬಂದದ್ದು ನಗುವಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಎದ್ದೆ. ಅಂಗಳ ದಾಟಿ ತಿರುಗಿ ನೋಡಿದಾಗ ಅವರು ಇನ್ನೂ ಉಗುರು ಎಳೆಯುತ್ತಲೇ ಇದ್ದರು, ಒಂದು ಮೂಲೆಯಿಂದ ಇನ್ನೊಂದಕ್ಕೆ.